ಇಂಗ್ಲಿಷ್ ವಾಕ್ಯದ ಸಮಾಂತರ ರಚನೆಯೂ ನಮ್ಮ ವಿದ್ಯಾರ್ಥಿಗಳೂ

ಶಾಲೆಯ ಹಳೆಯ ವಿದ್ಯಾರ್ಥಿಗಳು ಒಂದೆಡೆ ಸೇರಿದಾಗಲೆಲ್ಲ ಈಚಿನ ವರ್ಷಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತಿದೆ. ನಮ್ಮ ಹುಡುಗರು ಗಣಿತದಲ್ಲಿ ಯಾರಿಗೂ ಕಡಿಮೆಯಿಲ್ಲ, ಸಾಮಾನ್ಯ ಜ್ಞಾನದಲ್ಲಿಯೂ ಹಿಂದೆ ಬೀಳುವವರಲ್ಲ. ಆದರೆ ಬ್ಯಾಂಕಿನ ಪರೀಕ್ಷೆಗೋ ಕೇಂದ್ರ ಸರಕಾರದ ನೌಕರಿಯ ಪರೀಕ್ಷೆಗೋ ಕುಳಿತರೆ ಇಂಗ್ಲಿಷಿನ ಭಾಗದಲ್ಲಿ ಎಡವುತ್ತಾರೆ ಎಂಬುದೇ ಆ ಮಾತು. ಇದಕ್ಕೆ ಪರಿಹಾರವೆಂದು ಶಾಲೆಯ ಆವರಣದಲ್ಲಿ ಒಂದು ತರಬೇತಿ ಕೊಠಡಿಯನ್ನು ತೆರೆದು, ಮಾರುಕಟ್ಟೆಯಲ್ಲಿ ದೊರೆಯುವ ಮಾದರಿ ಪ್ರಶ್ನೆಪತ್ರಿಕೆಗಳ ಪುಸ್ತಕಗಳನ್ನು ತರಿಸಿ, ಹುಡುಗರಿಂದ ಅವುಗಳನ್ನು ಅಭ್ಯಾಸ ಮಾಡಿಸಬೇಕೆಂದು ಕೆಲವರು ಸೂಚಿಸುತ್ತಾರೆ. ಅದಕ್ಕೆ ಬೇಕಾದ ಹಣವನ್ನು ನೀಡಲು ಮುಂದೆ ಬಂದಿರುವ ಮಹನೀಯರೂ ಇದ್ದಾರೆ. ಅವರ ಔದಾರ್ಯದ ವಿಷಯದಲ್ಲಿ ನನಗೆ ಗೌರವವಿದೆ. ಆ ಹಣವು ಬೇರೊಂದು ರೀತಿಯಲ್ಲಿ ವಿನಿಯೋಗವಾದರೆ ಮಕ್ಕಳಿಗೆ ಹೆಚ್ಚು ಪ್ರಯೋಜನವಾದೀತೆಂಬುದು ಮಾತ್ರ ನನ್ನ ಅಭಿಪ್ರಾಯ. ಅಭಿಪ್ರಾಯವನ್ನು ಬರಿದೆ ಘೋಷಿಸಿದರೆ ಸಾಲದು. ಆದುದರಿಂದ ಇಂಗ್ಲಿಷ್ ವ್ಯಾಕರಣದ ಒಂದೇ ಒಂದು ಅಂಶವನ್ನು ತೆಗೆದುಕೊಂಡು, ಅದನ್ನು ನಮ್ಮ ಮಕ್ಕಳಿಗೆ ಕಲಿಸುವ ಬಗೆ ಹೇಗೆಂಬುದನ್ನು ಇಲ್ಲಿ ವಿಚಾರಿಸುತ್ತೇನೆ.

ಆ ಅಂಶಕ್ಕೆ ಇಂಗ್ಲಿಷಿನಲ್ಲಿ ‘ಪ್ಯಾರಲಲಿಸಂ’ ಎಂದು ಹೆಸರು. ಸಮಾಂತರ ರಚನೆ ಎಂದು ನಾವು ಕರೆಯಬಹುದು. ಒಂದು ವಾಕ್ಯದಲ್ಲಿ ಸಮಾನವಾದ ಸ್ಥಾನದಲ್ಲಿ ನಿಲ್ಲುವ ಪದಗಳೂ ಪದಸಮೂಹಗಳೂ ಸಮಾನವಾದ ರೂಪವನ್ನು ತಳೆದಿರಬೇಕು ಎಂಬುದು ಇದರ ತಿರುಳು. ಉದಾಹರಣೆಯಿಂದಲೇ ಇದು ಸ್ಪಷ್ಟವಾಗುವುದು. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆದಿದ್ದೇನೆ. ಕಣ್ಣಿಗೆ ತುಸು ಅಪರಿಚಿತವೆನಿಸಿದರೂ ಗಟ್ಟಿಯಾಗಿ ಓದಿಕೊಂಡರೆ ತಪ್ಪು ಒಪ್ಪುಗಳು ಕಿವಿಗೆ ತಾವಾಗಿಯೇ ತಿಳಿಯುತ್ತವೆ. ‘ಹಿ ಲೈಕ್ಸ್ ರೀಡಿಂಗ್, ರೈಟಿಂಗ್ ಅಂಡ್ ಟು ಸ್ವಿಮ್’ ಎಂಬ ವಾಕ್ಯದಲ್ಲಿ ಮೊದಲೆರಡು ಪದಗಳು ಒಂದು ಅಚ್ಚಿನವು, ಮೂರನೆಯದು ಇನ್ನೊಂದು ಅಚ್ಚಿನದು. ‘ರೀಡಿಂಗ್, ರೈಟಿಂಗ್ ಅಂಡ್ ಸ್ವಿಮಿಂಗ್’ ಎಂದರೆ ಸರಿಯಾಯಿತು. ‘ಟು ರೀಡ್, ಟು ರೈಟ್ ಅಂಡ್ ಟು ಸ್ವಿಮ್’ ಎಂದರೂ ಸರಿಯೇ. ಯಾವ ಅಚ್ಚು ಎಂಬುದು ಬರೆಯುವವನ ಇಷ್ಟ. ಹಿಡಿದ ಅಚ್ಚನ್ನು ಕೊನೆಯವರೆಗೆ ಬಿಡದಿರುವುದು ನಿಯಮ.

ಈ ನಿಯಮವು ನಿನ್ನೆ ಮೊನ್ನೆ ಪರೀಕ್ಷಾ ಮಂಡಳಿಗಳು ಹುಟ್ಟಿಸಿದ್ದೇನೂ ಅಲ್ಲ. ಅರಿಸ್ಟಾಟಲನು ತನ್ನ ‘ರೆಟರಿಕ್’ ಗ್ರಂಥದ ಮೂರನೆಯ ಭಾಗದಲ್ಲಿ ಸಮತೂಕದ ಉಪವಾಕ್ಯಗಳ ಸೊಗಸನ್ನು ಕುರಿತು ಚರ್ಚಿಸಿದ್ದಾನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಸ್ಟ್ರಂಕ್ ಎಂಬವರು 1918ರಲ್ಲಿ ತಮ್ಮ ವಿದ್ಯಾರ್ಥಿಗಳಿಗೆಂದು ಅಚ್ಚುಮಾಡಿಸಿದ ಚಿಕ್ಕ ಕೈಪಿಡಿಯಲ್ಲಿ ಇದಕ್ಕೆ ಒಂದು ಪ್ರತ್ಯೇಕ ಸೂತ್ರವನ್ನೇ ಕೊಟ್ಟಿದ್ದರು, ಇ. ಬಿ. ವೈಟ್ ಅವರು 1959ರಲ್ಲಿ ಪರಿಷ್ಕರಿಸಿದ ಮೇಲೆ ಆ ಕೈಪಿಡಿಯು ಲೋಕಪ್ರಸಿದ್ಧವಾಯಿತು.

ಪರೀಕ್ಷೆಗಳಿಗೆ ಈ ಅಂಶವು ಏಕೆ ಪ್ರಿಯವೆಂಬುದನ್ನು ಊಹಿಸುವುದು ಕಷ್ಟವಲ್ಲ. ಉತ್ತರವು ಖಚಿತ, ಅಂಕ ಕೊಡುವುದು ಸುಲಭ, ನಾಲ್ಕೈದು ಆಯ್ಕೆಗಳಲ್ಲಿ ಒಂದನ್ನು ಗುರುತಿಸಿದರೆ ಮುಗಿಯಿತು. ವ್ಯವಹಾರಾಡಳಿತದ ಉನ್ನತ ವ್ಯಾಸಂಗಕ್ಕೆಂದು ವಿದೇಶಗಳಿಗೆ ಹೋಗುವವರು ಬರೆಯುವ ‘ಜಿಮ್ಯಾಟ್’ ಪರೀಕ್ಷೆಯಲ್ಲಿ ‘ಸೆಂಟೆನ್ಸ್ ಕರೆಕ್ಷನ್’ ಎಂಬ ಭಾಗವೊಂದು ದೀರ್ಘಕಾಲ ಇದ್ದಿತು. ಒಂದು ವಾಕ್ಯವನ್ನು ಕೊಟ್ಟು, ಅದರ ಒಂದು ಭಾಗಕ್ಕೆ ಅಡಿಗೆರೆ ಎಳೆದು, ಕೆಳಗೆ ಐದು ಪಾಠಗಳನ್ನು ಕೊಡುತ್ತಿದ್ದರು. ಮೊದಲನೆಯದು ಮೂಲದ ಯಥಾಪ್ರತಿ. ಆ ಪ್ರಶ್ನೆಗಳಲ್ಲಿ ಸಮಾಂತರ ರಚನೆಯ ದೋಷವು ಮತ್ತೆ ಮತ್ತೆ ಎದುರಾಗುತ್ತಿತ್ತು. 2023ರ ನವೆಂಬರಿನಲ್ಲಿ ಆ ಪರೀಕ್ಷೆಯ ಹೊಸ ಆವೃತ್ತಿಯು ಬಂದಿತು, 2024ರ ಜನವರಿ ಕೊನೆಗೆ ಹಳೆಯದು ನಿಂತಿತು. ಹೊಸದರಲ್ಲಿ ಸೆಂಟೆನ್ಸ್ ಕರೆಕ್ಷನ್ ಇಲ್ಲ. ಓದಿ ಗ್ರಹಿಸುವ ಪ್ರಶ್ನೆಗಳೂ ತರ್ಕದ ಪ್ರಶ್ನೆಗಳೂ ಮಾತ್ರ ಆ ಭಾಗದಲ್ಲಿ ಉಳಿದಿವೆ. ಇದಕ್ಕೂ ಮೊದಲು, 2005ರಲ್ಲಿ, ‘ಟೋಫೆಲ್’ ಪರೀಕ್ಷೆಯು ಅಂತರ್ಜಾಲದ ರೂಪವನ್ನು ತಳೆದಾಗ ಅದರ ವ್ಯಾಕರಣ ವಿಭಾಗವನ್ನೂ ಕೈಬಿಡಲಾಗಿತ್ತು.

ಹಾಗಾದರೆ ಈ ಪಾಠವನ್ನು ಬಿಟ್ಟರೂ ಆದೀತೆಂದು ಕೆಲವರು ವಾದಿಸಬಹುದು. ವಿದೇಶಕ್ಕೆ ಹೋಗುವವರ ಸಂಖ್ಯೆಯು ನಮ್ಮಲ್ಲಿ ಎಷ್ಟೆಂಬುದನ್ನು ಮೊದಲು ನೋಡೋಣ. ನಮ್ಮ ಶಾಲೆಯಲ್ಲಿ ಓದಿ ಹೊರಬಿದ್ದವರಲ್ಲಿ ಬಹು ಮಂದಿಯ ಕಣ್ಣು ಇರುವುದು ಬ್ಯಾಂಕಿನ ಗುಮಾಸ್ತಿಕೆಯ ಮೇಲೆ, ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಹುದ್ದೆಗಳ ಮೇಲೆ. ಬ್ಯಾಂಕಿನ ಗುಮಾಸ್ತ ದರ್ಜೆಯ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು 2021ರಲ್ಲಿ ಕೇಂದ್ರ ಹಣಕಾಸು ಸಚಿವಾಲಯವು ಶಿಫಾರಸು ಮಾಡಿತು. ಇದು ಸಂತೋಷದ ಸಂಗತಿಯೇ. ಆದರೆ ಇಂಗ್ಲಿಷ್ ಭಾಷೆಯ ವಿಭಾಗವು ಇಂಗ್ಲಿಷಿನಲ್ಲಿಯೇ ಉಳಿದಿದೆ. ಪ್ರಾಥಮಿಕ ಹಂತದ 100 ಪ್ರಶ್ನೆಗಳಲ್ಲಿ 30 ಅದರವು. ಅದಕ್ಕಿರುವ ಕಾಲ 20 ನಿಮಿಷ. ಅಂದರೆ ಒಂದು ಪ್ರಶ್ನೆಗೆ 40 ಸೆಕೆಂಡು. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪದವೀಧರರ ಪರೀಕ್ಷೆಯ ಮೊದಲ ಹಂತದಲ್ಲಿಯೂ 100ರಲ್ಲಿ 25 ಪ್ರಶ್ನೆಗಳು ಇಂಗ್ಲಿಷಿನವು. ತಪ್ಪನ್ನು ಗುರುತಿಸುವ ಮತ್ತು ವಾಕ್ಯವನ್ನು ಸುಧಾರಿಸುವ ಪ್ರಶ್ನೆಗಳು ಎರಡರಲ್ಲಿಯೂ ಬರುತ್ತವೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯೂ ಎರಡರಲ್ಲಿದೆ. 40 ಸೆಕೆಂಡುಗಳಲ್ಲಿ ನಿಯಮವನ್ನು ನೆನಪಿಗೆ ತಂದುಕೊಂಡು, ವಾಕ್ಯಕ್ಕೆ ಅನ್ವಯಿಸಿ, ಉತ್ತರವನ್ನು ಆರಿಸುವುದು ಆಗದ ಕೆಲಸ. ಕಿವಿಯೇ ಹೇಳಬೇಕು. ಆ ಕಿವಿಯನ್ನು ಹದಗೊಳಿಸುವುದು ಹೇಗೆ ಎಂಬುದು ಪ್ರಶ್ನೆ.

ತರಬೇತಿಯ ಪುಸ್ತಕಗಳು ಹೇಳುವುದು ಇಷ್ಟೇ: ‘ಅಂಡ್’, ‘ಆರ್’, ‘ಬಟ್’ ಎಂಬ ಪದಗಳನ್ನು ಹುಡುಕು, ಅವುಗಳ ಎಡಬಲಗಳನ್ನು ಹೋಲಿಸು, ರೂಪಗಳು ಬೇರೆಯಾಗಿದ್ದರೆ ಅಲ್ಲಿ ತಪ್ಪಿದೆ. ಈ ಸೂತ್ರವು ಅರ್ಧ ದಾರಿಯವರೆಗೆ ಕರೆದೊಯ್ಯುವುದು. ಕನ್ನಡದ ಮಗುವು ಈ ವಿಷಯದಲ್ಲಿ ಯಾಕೆ ತಪ್ಪುತ್ತದೆ, ಎಲ್ಲಿ ತಪ್ಪುತ್ತದೆ ಎಂಬ ಪ್ರಶ್ನೆಯು ಆ ಪುಸ್ತಕಗಳಲ್ಲಿ ಏಳುವುದೇ ಇಲ್ಲ. ಅವು ಎಲ್ಲ ಪ್ರಾಂತಗಳವರಿಗೂ ಒಂದೇ ಎಂದು ಬರೆದವುಗಳು. ಆದರೆ ನಮ್ಮ ಮಗುವಿನ ತಲೆಯಲ್ಲಿ ಒಂದು ಭಾಷೆಯು ಮೊದಲೇ ಮನೆಮಾಡಿಕೊಂಡಿದೆ. ಅದರ ಸಮಾಂತರ ನಿಯಮಗಳು ಇಂಗ್ಲಿಷಿನವಕ್ಕಿಂತ ಕಡಿಮೆ ಬಿಗಿಯಾದವಲ್ಲ.

ನಮ್ಮ ‘ಊ’ ಪ್ರತ್ಯಯವನ್ನು ನೋಡಿರಿ. ‘ರಾಮನೂ ಲಕ್ಷ್ಮಣನೂ ಸೀತೆಯೂ ಕಾಡಿಗೆ ಹೋದರು’ ಎನ್ನುತ್ತೇವೆ. ‘ರಾಮನೂ ಲಕ್ಷ್ಮಣ ಸೀತೆಯೂ’ ಎಂದು ಯಾವ ಮಗುವೂ ಹೇಳಲಾರದು. ಒಂದಕ್ಕೆ ಹತ್ತಿದ ಪ್ರತ್ಯಯವು ಎಲ್ಲಕ್ಕೂ ಹತ್ತಲೇಬೇಕು. ‘ಇಂದೋ ನಾಳೆಯೋ ಬರುತ್ತಾನೆ’ ಎಂಬಲ್ಲಿಯೂ ಹಾಗೆಯೇ. ಇಂಗ್ಲಿಷಿನಲ್ಲಿ ‘ಬೋತ್’ ಮತ್ತು ‘ಅಂಡ್’, ‘ಐದರ್’ ಮತ್ತು ‘ಆರ್’ ಎಂಬ ಜೋಡಿಗಳು ಮಾಡುವ ಕೆಲಸವನ್ನು ನಮ್ಮಲ್ಲಿ ಒಂದೊಂದು ಸ್ವರವು ಪ್ರತಿ ಪದದ ಬಾಲಕ್ಕೂ ಅಂಟಿಕೊಂಡು ಮಾಡುತ್ತದೆ. (ಇಂಗ್ಲಿಷಿನ ಪ್ರಭಾವದಿಂದ ಈಗ ಪತ್ರಿಕೆಗಳಲ್ಲಿ ಎಲ್ಲೆಲ್ಲಿಯೂ ‘ಮತ್ತು’ ಎಂಬುದೇ ಕಾಣುತ್ತಿದೆ. ಅದು ತಪ್ಪೆಂದು ಹೇಳಲಾರೆ, ನಾನೂ ಬಳಸುತ್ತೇನೆ. ಆದರೆ ‘ಊ’ ಕಡಿಮೆಯಾದಷ್ಟೂ ಮಕ್ಕಳಿಗೆ ಪುಕ್ಕಟೆಯಾಗಿ ದೊರೆಯುತ್ತಿದ್ದ ಒಂದು ಶಿಸ್ತು ಕಡಿಮೆಯಾಗುತ್ತದೆ.) ನಮ್ಮ ಗಾದೆಗಳಂತೂ ಸಮಾಂತರ ರಚನೆಯ ಗಣಿಗಳು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದನ್ನು ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತನ್ನು ಬಲ್ಲವನು ಜಗಳವಾಡುವುದಿಲ್ಲ’ ಎಂದು ಬದಲಿಸಿ ನೋಡಿ. ಅರ್ಥವು ಕೆಡಲಿಲ್ಲ, ಗಾದೆಯು ಸತ್ತಿತು. ಹತ್ತು ವರ್ಷದ ಹುಡುಗಿಗೂ ಇದು ತಿಳಿಯುವುದು. ಪ್ಯಾರಲಲಿಸಂ ಎಂದರೇನೆಂದು ಅವಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ, ಅವಳು ಬಲ್ಲ ಸಂಗತಿಗೆ ಇಂಗ್ಲಿಷಿನ ಹೆಸರನ್ನು ಹೇಳಿಕೊಟ್ಟರಾಯಿತು.

ಎರಡು ಭಾಷೆಗಳು ಎದುರುಬದುರಾಗಿ ನಿಲ್ಲುವ ಒಂದು ಸ್ಥಳವಿದೆ. ‘ಧಾರವಾಡ, ಗದಗ, ಹಾವೇರಿಗಳಲ್ಲಿ’ ಎಂದಾಗ ಸಪ್ತಮಿಯ ಪ್ರತ್ಯಯವು ಕೊನೆಯ ಪದಕ್ಕೆ ಮಾತ್ರ ಹತ್ತಿ ಎಲ್ಲವನ್ನೂ ಹೊರುತ್ತದೆ. ‘ಧಾರವಾಡದಲ್ಲಿ, ಗದಗಿನಲ್ಲಿ, ಹಾವೇರಿಯಲ್ಲಿ’ ಎಂದಾಗ ಪ್ರತಿಯೊಂದೂ ತನ್ನ ಹೊರೆಯನ್ನು ತಾನೇ ಹೊರುತ್ತದೆ. ಇವೆರಡೂ ಶುದ್ಧ. ‘ಧಾರವಾಡದಲ್ಲಿ, ಗದಗ, ಹಾವೇರಿಯಲ್ಲಿ’ ಎಂದರೆ ಮಾತ್ರ ಕಿವಿಗೆ ಕಲ್ಲು ಸಿಕ್ಕಿದಂತಾಗುತ್ತದೆ. ಇಂಗ್ಲಿಷಿನಲ್ಲಿಯೂ ಇದೇ ನಿಯಮ. ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು ಮಾತ್ರ. ‘ಇನ್ ಧಾರವಾಡ, ಗದಗ ಅಂಡ್ ಹಾವೇರಿ’ ಎನ್ನಬಹುದು, ‘ಇನ್ ಧಾರವಾಡ, ಇನ್ ಗದಗ ಅಂಡ್ ಇನ್ ಹಾವೇರಿ’ ಎನ್ನಬಹುದು. ‘ಇನ್ ಧಾರವಾಡ, ಗದಗ ಅಂಡ್ ಇನ್ ಹಾವೇರಿ’ ಎನ್ನಬಾರದು. ಎಲ್ಲರಿಗೂ ಸೇರಿದ ಪದವು ನಮ್ಮಲ್ಲಿ ಸಾಲಿನ ಬಾಲದಲ್ಲಿದೆ, ಅವರಲ್ಲಿ ತಲೆಯಲ್ಲಿದೆ. ಇದನ್ನು ಹಲಗೆಯ ಮೇಲೆ ಎರಡು ಸಾಲುಗಳಲ್ಲಿ ಬರೆದು ತೋರಿಸಿದರೆ ಹತ್ತು ನಿಮಿಷದ ಪಾಠ.

ಇನ್ನು, ನಮ್ಮ ಮಕ್ಕಳು ನಿಜವಾಗಿ ಜಾರಿ ಬೀಳುವ ಜಾಗ. ‘ರೈತನು ಬೆಳಗಿನ ಜಾವ ಎದ್ದು, ಎತ್ತುಗಳಿಗೆ ಮೇವು ಹಾಕಿ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದನು’ ಎಂಬ ವಾಕ್ಯದಲ್ಲಿ ನಾಲ್ಕು ಕ್ರಿಯೆಗಳಿವೆ. ಮೂರು ಅವ್ಯಯ ಕೃದಂತಗಳು. ಕಾಲ, ಲಿಂಗ, ವಚನ, ಪುರುಷಗಳೆಲ್ಲವನ್ನೂ ಹೊತ್ತ ಪೂರ್ಣ ಕ್ರಿಯಾಪದವು ಕೊನೆಯಲ್ಲಿ ಒಂದೇ. ಇಡೀ ವಾಕ್ಯದ ಬೀಗದ ಕೈ ‘ಹೋದನು’ ಎಂಬುದರಲ್ಲಿದೆ. ಈ ಕಟ್ಟಡವು ದ್ರಾವಿಡ ಭಾಷೆಗಳ ಹೆಗ್ಗುರುತು. ಇದರ ಮೂಲಕ ಲೋಕವನ್ನು ನೋಡಲು ಕಲಿತ ಹುಡುಗನು ಇಂಗ್ಲಿಷಿನಲ್ಲಿ ಹೀಗೆ ಬರೆಯುತ್ತಾನೆ: ‘ದಿ ಫಾರ್ಮರ್ ಗೆಟಿಂಗ್ ಅಪ್ ಅರ್ಲಿ, ಫೆಡ್ ದಿ ಬುಲಕ್ಸ್, ಟೇಕಿಂಗ್ ಹಿಸ್ ಫುಡ್ ಅಂಡ್ ವೆಂಟ್ ಟು ದಿ ಫೀಲ್ಡ್.’ ಅವನಿಗೆ ಬುದ್ಧಿ ಕಡಿಮೆಯೆಂದು ತಿಳಿಯುವುದು ಅನ್ಯಾಯ. ‘ಎದ್ದು’ ಎಂಬುದಕ್ಕೆ ‘ಗೆಟಿಂಗ್ ಅಪ್’ ಎಂಬುದೇ ಸಮೀಪದ ರೂಪವೆಂದು ಅವನಿಗೆ ತೋರಿತು, ಅದಕ್ಕೆ ಕಾರಣವೂ ಇದೆ. ಇಂಗ್ಲಿಷ್ ಬೇಡುವುದು ಬೇರೆ: ‘ಗಾಟ್ ಅಪ್ ಅರ್ಲಿ, ಫೆಡ್ ದಿ ಬುಲಕ್ಸ್, ಪ್ಯಾಕ್ಡ್ ಹಿಸ್ ಫುಡ್ ಅಂಡ್ ವೆಂಟ್ ಟು ದಿ ಫೀಲ್ಡ್.’ ಅಲ್ಲಿ ನಾಲ್ಕೂ ಕ್ರಿಯಾಪದಗಳು ಪೂರ್ಣ. ನಮ್ಮದು ಎತ್ತಿನ ಬಂಡಿಗಳ ಸಾಲಿನಲ್ಲಿ ಕೊನೆಯ ಬಂಡಿಗೆ ಮಾತ್ರ ಲಾಂದ್ರ ಕಟ್ಟಿದ ಹಾಗೆ, ಅವರದು ಪ್ರತಿ ಬಂಡಿಗೂ ಕಟ್ಟಿದ ಹಾಗೆ. ಈ ಒಂದು ಭೇದವನ್ನು ತಿಳಿಸಿದ ಹೊರತು, ಸಾವಿರ ಮಾದರಿ ಪ್ರಶ್ನೆಗಳನ್ನು ಬಿಡಿಸಿದರೂ ಹುಡುಗನು ಬೀಳುವಲ್ಲಿ ಬೀಳುತ್ತಲೇ ಇರುತ್ತಾನೆ. ಏಕೆಂದರೆ ತಾನು ಏಕೆ ಬಿದ್ದೆನೆಂಬುದು ಅವನಿಗೆ ತಿಳಿಯದು.

ಹೋಲಿಕೆಯ ವಾಕ್ಯಗಳಲ್ಲಿ ನಮ್ಮ ಭಾಷೆಯು ಸಹಾಯಕ್ಕೆ ಬರುತ್ತದೆ. ‘ದಿ ರೇನ್‌ಫಾಲ್ ಆಫ್ ಆಗುಂಬೆ ಈಸ್ ಗ್ರೇಟರ್ ದ್ಯಾನ್ ಬಳ್ಳಾರಿ’ ಎಂಬುದರಲ್ಲಿ ಮಳೆಯನ್ನು ಊರಿನೊಡನೆ ಹೋಲಿಸಿದಂತಾಯಿತು. ‘ದ್ಯಾನ್ ದ್ಯಾಟ್ ಆಫ್ ಬಳ್ಳಾರಿ’ ಎಂದಿರಬೇಕು. ‘ಆಗುಂಬೆಯ ಮಳೆಯು ಬಳ್ಳಾರಿಯದಕ್ಕಿಂತ ಹೆಚ್ಚು’ ಎಂಬಲ್ಲಿ ‘ಅದು’ ಎಂಬುದು ಸದ್ದಿಲ್ಲದೆ ಆ ಕೆಲಸವನ್ನೇ ಮಾಡುತ್ತಿದೆ. ‘ನಾಟ್ ಓನ್ಲಿ, ಬಟ್ ಆಲ್ಸೋ’ ಎಂಬ ಜೋಡಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ‘ವ್ಯಾಕರಣವನ್ನು ಮಾತ್ರವಲ್ಲದೆ ಚರಿತ್ರೆಯನ್ನೂ ಕಲಿಸುತ್ತಾರೆ’ ಎಂಬಲ್ಲಿ ‘ಮಾತ್ರವಲ್ಲದೆ’ ಎಂಬುದು ತಾನು ಸೇರಬೇಕಾದ ಪದದ ಬೆನ್ನಿಗೇ ನಿಲ್ಲುತ್ತದೆ, ತಪ್ಪಲು ಎಡೆಯಿಲ್ಲ. ಇಂಗ್ಲಿಷಿನಲ್ಲಿ ಅದು ಅಲೆದಾಡುವ ಪದ. ‘ಹಿ ನಾಟ್ ಓನ್ಲಿ ಟೀಚಸ್ ಗ್ರಾಮರ್ ಬಟ್ ಆಲ್ಸೋ ಹಿಸ್ಟರಿ’ ಎಂದರೆ ಪರೀಕ್ಷಕನು ಅಂಕ ಕಳೆಯುತ್ತಾನೆ. ‘ಹಿ ಟೀಚಸ್ ನಾಟ್ ಓನ್ಲಿ ಗ್ರಾಮರ್ ಬಟ್ ಆಲ್ಸೋ ಹಿಸ್ಟರಿ’ ಎಂದರೆ ಕೊಡುತ್ತಾನೆ. ಜೋಡಿಯ ಮೊದಲರ್ಧದ ಹಿಂದೆ ಬರುವುದು ಎಂಥದೋ ಎರಡನೆಯರ್ಧದ ಹಿಂದೆ ಬರುವುದೂ ಅಂಥದೇ ಆಗಿರಬೇಕು.

ಈ ದೋಷಕ್ಕೆ ನಮ್ಮ ದೇಶದ ಶಾಸ್ತ್ರದಲ್ಲಿ ಹೆಸರೇ ಇಲ್ಲವೆಂದು ಯಾರೂ ಭಾವಿಸಬಾರದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಹಿಮಭಟ್ಟನು ‘ವ್ಯಕ್ತಿವಿವೇಕ’ದಲ್ಲಿ ಎಣಿಸಿದ ಐದು ದೋಷಗಳಲ್ಲಿ ಒಂದು ‘ಪ್ರಕ್ರಮಭೇದ’. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ‘ಭಗ್ನಪ್ರಕ್ರಮ’ವೆಂದು ಅದನ್ನು ವಾಕ್ಯದೋಷಗಳಲ್ಲಿ ಸೇರಿಸಿದ್ದಾನೆ. ಪ್ರಕ್ರಮವೆಂದರೆ ಆರಂಭಿಸಿದ ಕ್ರಮ. ಯಾವ ಪ್ರಕೃತಿಯಿಂದ, ಯಾವ ಪ್ರತ್ಯಯದಿಂದ, ಯಾವ ವಚನದಿಂದ ಮಾತನ್ನು ಆರಂಭಿಸಿದೆಯೋ ಅದನ್ನು ನಡುವೆ ಮುರಿದರೆ ಕೇಳುವವನ ಗ್ರಹಿಕೆಯು ತಡವರಿಸುವುದು. ಇಂದಿನ ಪರೀಕ್ಷೆಗಳು ಕೇಳುತ್ತಿರುವುದು ಇದನ್ನೇ. ಸುಮಾರು ಸಾವಿರ ವರ್ಷಗಳ ಹಿಂದೆ ಕಾವ್ಯವಿಮರ್ಶೆಗೆಂದು ಹುಟ್ಟಿದ ಈ ಪಾರಿಭಾಷಿಕ ಪದವನ್ನು ನಮ್ಮ ಕನ್ನಡ ಪಂಡಿತರು ಅಲಂಕಾರದ ಪಾಠದಲ್ಲಿ ಒಮ್ಮೆ ಹೇಳಿ, ಇಂಗ್ಲಿಷ್ ಅಧ್ಯಾಪಕರು ಅದೇ ವಾರ ಅದನ್ನು ನೆನಪಿಗೆ ತಂದರೆ ಮಕ್ಕಳು ಎರಡು ಪಾಠಗಳನ್ನೂ ಮರೆಯಲಾರರು. ಒಂದೇ ಕೊಠಡಿಯಲ್ಲಿ ಕುಳಿತು ಚಹ ಕುಡಿಯುವ ಇಬ್ಬರು ಅಧ್ಯಾಪಕರು ತಮ್ಮ ತಮ್ಮ ವ್ಯಾಕರಣಗಳನ್ನು ಕುರಿತು ವರ್ಷಕ್ಕೊಮ್ಮೆಯೂ ಮಾತನಾಡಿಕೊಳ್ಳದಿರುವುದು ಯಾವ ಶಾಲೆಗೂ ಭೂಷಣವಲ್ಲ.

ಇಷ್ಟು ಹೇಳಿ, ಪರೀಕ್ಷೆಯವರ ನಿಯಮವು ಭಾಷೆಯ ನಿಯಮಕ್ಕಿಂತ ಕಿರಿದೆಂಬುದನ್ನೂ ಹೇಳಬೇಕು. ‘ಹಿ ಈಸ್ ಎ ಟೀಚರ್ ಅಂಡ್ ಪ್ರೌಡ್ ಆಫ್ ಇಟ್’ ಎಂಬ ವಾಕ್ಯದಲ್ಲಿ ‘ಅಂಡ್’ ಎಂಬುದರ ಎಡಕ್ಕೆ ನಾಮಪದವಿದೆ, ಬಲಕ್ಕೆ ವಿಶೇಷಣವಿದೆ. ತರಬೇತಿಯ ಸೂತ್ರದಂತೆ ಇದು ತಪ್ಪು. ಇಂಗ್ಲಿಷ್ ಬಲ್ಲವರ ಬಾಯಲ್ಲಿ ಇದು ಅಪ್ಪಟ ಇಂಗ್ಲಿಷ್. ‘ಸ್ಲೋಲಿ ಅಂಡ್ ವಿತ್ ಗ್ರೇಟ್ ಕೇರ್’ ಎಂಬುದೂ ಹಾಗೆಯೇ. ಹಡಲ್‌ಸ್ಟನ್ ಮತ್ತು ಪುಲಮ್ ಅವರ ನೇತೃತ್ವದಲ್ಲಿ 2002ರಲ್ಲಿ ಹೊರಬಂದ ಕೇಂಬ್ರಿಜ್ ವ್ಯಾಕರಣವು ಈ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿ, ಜೋಡಿಸಲ್ಪಟ್ಟ ಪದಗಳು ವಾಕ್ಯದಲ್ಲಿ ಒಂದೇ ಕಾರ್ಯವನ್ನು ನಿರ್ವಹಿಸುವುದು ಮುಖ್ಯವೆಂದೂ ಅವು ಒಂದೇ ಜಾತಿಗೆ ಸೇರಿರಬೇಕಾದ ಅಗತ್ಯವಿಲ್ಲವೆಂದೂ ತೋರಿಸಿದೆ. ಅಧ್ಯಾಪಕರಿಗೆ ಇದು ತಿಳಿದಿರಬೇಕು. ಇಲ್ಲದಿದ್ದರೆ ಒಳ್ಳೆಯ ಗದ್ಯವನ್ನು ಓದಿಕೊಂಡ ಹುಡುಗಿಯ ಸರಿಯಾದ ವಾಕ್ಯಕ್ಕೆ ನಾವೇ ಕೆಂಪು ಶಾಯಿಯಲ್ಲಿ ಗೆರೆ ಎಳೆದೇವು.

ಸೂತ್ರವನ್ನು ಬಾಯಿಪಾಠ ಮಾಡಿದವನು ಬೀಳುವ ಗುಂಡಿಯು ಇನ್ನೊಂದುಂಟು. ‘ಹಿ ರೋಟ್ ದಿ ಲೆಟರ್, ಹೋಪಿಂಗ್ ಫಾರ್ ಎ ರಿಪ್ಲೈ’ ಎಂಬಲ್ಲಿ ‘ರೋಟ್’ ಒಂದು ರೂಪ, ‘ಹೋಪಿಂಗ್’ ಇನ್ನೊಂದು ರೂಪ. ಕೂಡಲೇ ಅವನು ‘ಹೋಪ್ಡ್’ ಎಂದು ತಿದ್ದಲು ಹೊರಡುತ್ತಾನೆ. ಆದರೆ ಬರೆದುದೂ ಆಶಿಸಿದುದೂ ಇಲ್ಲಿ ಸರಿಸಮನಾದ ಎರಡು ಕೆಲಸಗಳಲ್ಲ. ಆಶೆಯು ಬರವಣಿಗೆಯ ಹಿಂದಿನ ಮನಸ್ಸು. ‘ಉತ್ತರ ಬಂದೀತೆಂದು ಆಶಿಸುತ್ತ ಪತ್ರವನ್ನು ಬರೆದನು’ ಎಂದು ಕನ್ನಡದಲ್ಲಿ ನಾವು ‘ಉತ್ತ’ ಪ್ರತ್ಯಯದಿಂದ ತೋರಿಸುವುದನ್ನೇ ಅವರು ಹೀಗೆ ತೋರಿಸಿದ್ದಾರೆ. ಜಿಮ್ಯಾಟಿನಂಥ ಕಠಿಣ ಪರೀಕ್ಷೆಗಳು ಸೂತ್ರಜೀವಿಗಳನ್ನು ಹಿಡಿಯಲು ಇಂಥ ಬಲೆಗಳನ್ನು ಬೀಸುತ್ತಿದ್ದವು. ಮೊದಲು ಕೇಳಬೇಕಾದ ಪ್ರಶ್ನೆಯು ರೂಪದ್ದಲ್ಲ: ಈ ಎರಡು ಸಂಗತಿಗಳನ್ನು ಬರೆದವನು ಸಮಾನವೆಂದು ಭಾವಿಸಿದ್ದಾನೆಯೆ?

ಈಗ ಗಣಕಯಂತ್ರವೇ ವಾಕ್ಯವನ್ನು ತಿದ್ದಿಕೊಡುತ್ತದೆ, ಈ ಶ್ರಮವೆಲ್ಲ ಏತಕ್ಕೆ ಎಂದು ಕೇಳುವವರಿದ್ದಾರೆ. ಪರೀಕ್ಷೆಯ ಕೊಠಡಿಯಲ್ಲಿ ಆ ಸಹಾಯವಿಲ್ಲವೆಂಬ ಉತ್ತರವು ಒಂದು. ಅದಕ್ಕಿಂತ ಗುರುತರವಾದ ಉತ್ತರವನ್ನು ಈ ಸಂಚಿಕೆಯ ಓದುಗರಿಗೆ ಪರಿಚಿತವಾದ ಒಂದು ವಾಕ್ಯದಿಂದ ತೋರಿಸಬಹುದು. ವಾರ್ಷಿಕ ವರದಿಯಲ್ಲಿ ಹೀಗೊಂದು ವಾಕ್ಯವಿದೆಯೆಂದು ಇಟ್ಟುಕೊಳ್ಳೋಣ: ‘ದಿ ಕಮಿಟಿ ಡಿಸೈಡೆಡ್ ಟು ಬಿಲ್ಡ್ ಎ ಹಾಸ್ಟೆಲ್ ಅಂಡ್ ರೇಸ್ ಫಂಡ್ಸ್.’ ಇಲ್ಲಿ ‘ರೇಸ್’ ಎಂಬುದು ‘ಬಿಲ್ಡ್’ ಎಂಬುದಕ್ಕೆ ಸಮಾಂತರ. ವಸತಿಗೃಹವನ್ನು ಕಟ್ಟಲೂ ಹಣವನ್ನು ಸಂಗ್ರಹಿಸಲೂ ಸಮಿತಿಯು ನಿರ್ಧರಿಸಿತು ಎಂದರ್ಥ. ಒಂದು ಕಾಸೂ ಇನ್ನೂ ಬಂದಿಲ್ಲ. ಕೊನೆಗೆ ಒಂದು ಪ್ರತ್ಯಯವನ್ನು ಸೇರಿಸಿ ‘ರೇಸ್ಡ್ ಫಂಡ್ಸ್’ ಎಂದು ಬರೆಯಿರಿ. ಅದು ಈಗ ‘ಡಿಸೈಡೆಡ್’ ಎಂಬುದಕ್ಕೆ ಸಮಾಂತರವಾಯಿತು. ಸಮಿತಿಯು ವಸತಿಗೃಹವನ್ನು ಕಟ್ಟಲು ನಿರ್ಧರಿಸಿ ಹಣವನ್ನು ಸಂಗ್ರಹಿಸಿಯೇ ಬಿಟ್ಟಿತು ಎಂದರ್ಥ. ವ್ಯಾಕರಣದ ದೃಷ್ಟಿಯಿಂದ ಎರಡೂ ನಿರ್ದುಷ್ಟ. ಲೆಕ್ಕಪರಿಶೋಧಕರ ದೃಷ್ಟಿಯಿಂದ ಎರಡರ ನಡುವೆ ಅಜಗಜಾಂತರ. ಇವೆರಡರಲ್ಲಿ ನಡೆದದ್ದು ಯಾವುದೆಂಬುದು ವರದಿಯನ್ನು ಬರೆದ ಕಾರ್ಯದರ್ಶಿಗಳಿಗೆ ತಿಳಿದಿದೆ, ವಾಕ್ಯವನ್ನಷ್ಟೇ ನೋಡುವ ಯಂತ್ರಕ್ಕೆ ತಿಳಿದಿಲ್ಲ. ನಾಳೆ ನಮ್ಮ ಹುಡುಗನು ಬ್ಯಾಂಕಿನ ಮೇಜಿನ ಮುಂದೆ ಕುಳಿತು ಸಾಲದ ಕಾಗದವನ್ನು ಓದುವಾಗ, ಅಥವಾ ನಮ್ಮ ಹುಡುಗಿಯು ಕಚೇರಿಯ ಟಿಪ್ಪಣಿಯನ್ನು ಬರೆಯುವಾಗ, ಯಾವ ಕ್ರಿಯೆಯು ಯಾವುದರೊಡನೆ ಜೋಡಿಯಾಗಿದೆ ಎಂಬುದರ ಮೇಲೆ ಯಾರದೋ ಜಮೀನು ನಿಂತಿರಬಹುದು. ಇಂಥದನ್ನು ಗ್ರಹಿಸುವ ಶಕ್ತಿಗೆ 40 ಸೆಕೆಂಡುಗಳ ಪ್ರಶ್ನೆಯು ಒಂದು ಬಡ ಅಳತೆಗೋಲು.

ನಮ್ಮ ಸಂವಿಧಾನದ ಪ್ರಸ್ತಾವನೆಯ ಇಂಗ್ಲಿಷ್ ಪಾಠವನ್ನು ಒಂದು ಗಂಟೆಯ ಪಾಠವಾಗಿ ಹತ್ತನೆಯ ತರಗತಿಗೆ ಇಡಬೇಕೆಂಬುದು ನನ್ನ ಬಹುದಿನದ ಬಯಕೆ. 1949ರ ನವೆಂಬರ್ 26ರಂದು ಅಂಗೀಕೃತವಾದ ಆ ಒಂದೇ ಉದ್ದನೆಯ ವಾಕ್ಯದಲ್ಲಿ ಸಂಕಲ್ಪವನ್ನು ಹೇಳುವ ಪದಕ್ಕೆ ‘ಟು’ ಸೇರಿದ ಮೂರು ಕ್ರಿಯಾರೂಪಗಳು ಜೋತುಬಿದ್ದಿವೆ: ಒಂದು ರಾಷ್ಟ್ರವನ್ನು ರಚಿಸುವುದು, ಇನ್ನೊಂದು ಪ್ರಜೆಗಳಿಗೆ ದೊರಕಿಸುವುದು, ಮತ್ತೊಂದು ಅವರಲ್ಲಿ ಬೆಳೆಸುವುದು. ನಡುವಣದರ ಕೆಳಗೆ ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳೆಂಬ ಮೂರು ನಾಮಪದಗಳು. ಭ್ರಾತೃತ್ವವು ಆ ಸಾಲಿನಲ್ಲಿ ಇಲ್ಲ, ಅದಕ್ಕೆ ಬೇರೆಯೇ ಕ್ರಿಯಾಪದವಿದೆ. ಮೊದಲಿನ ಮೂರನ್ನು ರಾಜ್ಯವು ದೊರಕಿಸಿಕೊಡಬಹುದು, ನಾಲ್ಕನೆಯದನ್ನು ಜನರ ನಡುವೆ ಬೆಳೆಸಬೇಕಷ್ಟೆ. ನಾಲ್ಕನ್ನೂ ಒಂದೇ ಪಟ್ಟಿಯೆಂದು ಬಾಯಿಪಾಠ ಮಾಡಿದವರಿಗೆ ಈ ಭೇದವು ಕಾಣದು. ವಾಕ್ಯದ ಸಮಾಂತರಗಳನ್ನು ಬಿಡಿಸಿ ಓದಿದವರಿಗೆ ಕಾಣುವುದು.

ಹಾಗಾದರೆ ದಾನಿಗಳ ಹಣವನ್ನು ಯಾವುದಕ್ಕೆ ಬಳಸಬೇಕು? ಎಂಟನೆಯ ತರಗತಿಯಿಂದ ವಾರಕ್ಕೊಂದು ಅವಧಿಯನ್ನು ವಾಕ್ಯರಚನೆಗೆಂದೇ ಮೀಸಲಿಡಬೇಕು. ಮಗುವು ತನ್ನ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕಂಡದ್ದನ್ನು ಕುರಿತು ಮೊದಲು ಕನ್ನಡದಲ್ಲಿ ಹತ್ತು ವಾಕ್ಯಗಳನ್ನು ಬರೆಯಲಿ, ಬಳಿಕ ಇಂಗ್ಲಿಷಿನಲ್ಲಿ ಬರೆಯಲಿ. ತಪ್ಪನ್ನು ಗುರುತಿಸುವುದಕ್ಕಿಂತ ವಾಕ್ಯವನ್ನು ಕಟ್ಟುವುದರಿಂದ ಕಿವಿ ಬೇಗ ಪಳಗುತ್ತದೆ. ಇದಕ್ಕೆ ಪುಸ್ತಕದ ಖರ್ಚು ಇಲ್ಲವೆಂದೇ ಹೇಳಬೇಕು. ಖರ್ಚು ಇರುವುದು ತಿದ್ದುವುದರಲ್ಲಿ. 60 ಮಕ್ಕಳ ತರಗತಿಯಲ್ಲಿ ಒಂದು ಪುಸ್ತಕಕ್ಕೆ 5 ನಿಮಿಷವೆಂದರೂ ವಾರಕ್ಕೆ 5 ಗಂಟೆ. ಮೂರು ತರಗತಿಗಳಿಗೆ 15 ಗಂಟೆ. ದಿನಕ್ಕೆ ಐದಾರು ಅವಧಿಗಳ ಪಾಠ ಹೇಳುವ ಅಧ್ಯಾಪಕರಿಂದ ಇದನ್ನು ನಿರೀಕ್ಷಿಸುವುದು ಸಲ್ಲದು. ನಿರೀಕ್ಷಿಸಿದರೆ ಪುಸ್ತಕದ ಅಡಿಯಲ್ಲಿ ಒಂದು ರುಜು ಬೀಳುವುದು, ವಾಕ್ಯಗಳು ಇದ್ದಲ್ಲಿಯೇ ಇರುವುವು. ಆದುದರಿಂದ ಕೊಠಡಿಗೆಂದು ಎತ್ತಿಟ್ಟ ಹಣದಿಂದ, ತಿದ್ದುವ ಕೆಲಸಕ್ಕಾಗಿಯೇ ಇಬ್ಬರು ಅರೆಕಾಲಿಕ ಅಧ್ಯಾಪಕರನ್ನು ನೇಮಿಸಿಕೊಳ್ಳಬೇಕೆಂದು ಆಡಳಿತ ಮಂಡಳಿಯವರಲ್ಲಿಯೂ ದಾನಿಗಳಲ್ಲಿಯೂ ವಿನಂತಿಸುತ್ತೇನೆ. ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲನ್ನು ಕೂರಿಸಲು ಇದರಲ್ಲಿ ಅವಕಾಶವಿಲ್ಲವೆಂಬುದನ್ನು ನಾನು ಬಲ್ಲೆ.

ಮಾದರಿ ಪ್ರಶ್ನೆಪತ್ರಿಕೆಗಳು ಬೇಡವೇ ಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಮೂರು ತಿಂಗಳ ಮುಂಚೆ ಅವುಗಳನ್ನು ಗಡಿಯಾರವನ್ನು ಎದುರಿಗಿಟ್ಟುಕೊಂಡು ಬಿಡಿಸಲಿ, ಅದಕ್ಕೆ ಗ್ರಂಥಾಲಯದ ಒಂದು ಮೂಲೆ ಸಾಕು. ವಾಕ್ಯರಚನೆಯ ಅವಧಿಯು ಮುಂದಿನ ಜೂನ್ ತಿಂಗಳಿನಿಂದ ಆರಂಭವಾಗುವುದಾದರೆ, ನಿವೃತ್ತನಾದ ನಾನು ವಾರಕ್ಕೆ ಎರಡು ಮಧ್ಯಾಹ್ನಗಳನ್ನು ವೇತನವಿಲ್ಲದೆ ಈ ತಿದ್ದುವ ಕೆಲಸಕ್ಕೆ ಕೊಡಲು ಸಿದ್ಧನಿದ್ದೇನೆ. ಊರಿನಲ್ಲಿಯೇ ಇರುವ ಹಳೆಯ ವಿದ್ಯಾರ್ಥಿಗಳ ಪೈಕಿ ಇನ್ನೂ ಮೂರು ನಾಲ್ಕು ಮಂದಿ ಮುಂದೆ ಬಂದರೆ ಮೊದಲ ವರ್ಷವನ್ನು ನೇಮಕಾತಿಗೆ ಕಾಯದೆಯೇ ಸಾಗಿಸಬಹುದು. ಬರುವವರು ಮುಖ್ಯೋಪಾಧ್ಯಾಯರಲ್ಲಿ ತಮ್ಮ ಹೆಸರನ್ನೂ ಬಿಡುವಿನ ದಿನಗಳನ್ನೂ ಬರೆಯಿಸಬೇಕಾಗಿ ಕೋರಿಕೆ.